ಎಡಗೈಯ ಲೆಕ್ಕ

ಫೂತಾ ಘಾಟಿಯ ಕೊನೆಯ ತಿರುವಿಗೆ ಮೊದಲು
ನನ್ನ ಗ್ಯಾರೇಜು. ಬೊಲೋನ್ಯಾದಿಂದ ಹತ್ತಿ ಬಂದವರು
ಹೆಲ್ಮೆಟ್ ಕಳಚಿ, ಕಾಫಿ ಕೇಳಿ,
ಆಮೇಲೆ ಎಂಜಿನ್ನಿನ ಕಾಯಿಲೆ ಹೇಳುತ್ತಾರೆ.

ಭಾನುವಾರ ಬಂದರೆ ಅದೇ ಜಗಳ:
ಕ್ಲಚ್ ಹಿಡಿಯದೆ ಗೇರು ಬದಲಿಸುವ ಆ ಸಾಧನ,
ಕ್ವಿಕ್‌ಶಿಫ್ಟರು, ಬೇಕೋ ಬೇಡವೋ.
ಅದಿಲ್ಲದ ಬೈಕು ಬೈಕೇ ಅಲ್ಲ ಅನ್ನುತ್ತಾನೆ ಲೋರಿಸ್.
ಗೇರಿಗೊಮ್ಮೆ ಕಣ್ಣೆವೆ ಮಿಟುಕಿನ ಅರ್ಧ ಉಳಿತಾಯವಂತೆ.
ಉಳಿಸಿದ್ದನ್ನೆಲ್ಲ ಏನು ಮಾಡ್ತೀಯ ಮಾರಾಯ, ಕೇಳಿದೆ ಒಮ್ಮೆ.
ಅಷ್ಟರಲ್ಲಿ ಅವನ ಎರಡನೇ ಕಾಫಿ ಬಂತು,
ಮುಕ್ಕಾಲು ಗಂಟೆ ಕೂತ.

ನನಗೆ ಗೇರು ಕಲಿಸಿದ್ದು ಸೋದರಮಾವ ಎವರಿಸ್ತೊ,
ಹಾಲಿನ ಕ್ಯಾನು ಕಟ್ಟಿದ ಒಂಟಿ ಸಿಲಿಂಡರಿನ ಮೇಲೆ.
ಕ್ಲಚ್ ಕೇಬಲ್ಲು ತುಂಡಾದ ದಿನ ಹೇಳಿದ:
"ಕೈ ಹೋದರೇನು, ಕಿವಿ ಇದೆಯಲ್ಲ.
ಥ್ರಾಟಲು ಒಂದು ಕೂದಲೆಳೆ ಸಡಿಲಿಸು,
ಎಂಜಿನ್ನು ಉಸಿರು ಬಿಗಿಹಿಡಿದಾಗ ಕಾಲಲ್ಲಿ ಎತ್ತು,
ಹಲ್ಲು ಹಲ್ಲನ್ನು ತಾನೇ ಹುಡುಕಿಕೊಳ್ಳುತ್ತದೆ."
ಆರು ಕಿಲೋಮೀಟರು ಬಂದೆವು, ಒಂದು ಹನಿ ಹಾಲು ಚೆಲ್ಲದೆ.
ಸುಳ್ಳು. ಅರ್ಧ ಕ್ಯಾನು ಚೆಲ್ಲಿತ್ತು.
ಆದರೆ ಕಥೆ ಹೇಳುವಾಗ ನಾನು ಹಾಗೇ ಹೇಳುವುದು.

ಅದಕ್ಕೇ ಈ ಸಾಧನದ ಮೇಲೆ ನನಗೊಂದು ಸಣ್ಣ ಮುನಿಸು.
ಪೆಡಲಿನ ಸಲಾಕೆಗೊಂದು ಸೆನ್ಸರು, ಅದಕ್ಕೊಂದು ವೈರು;
ಕಾಲು ಒತ್ತಿದ್ದು ತಿಳಿದ ಕೂಡಲೇ
ಕಿಡಿಯನ್ನು ಅರೆಕ್ಷಣ ನಿಲ್ಲಿಸುತ್ತದೆ, ಅಷ್ಟೇ.
ಮಾವನ ಕಿವಿ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ
ಈಗ ನಾನೂರು ಯೂರೋ, ಕೂಲಿ ಬೇರೆ.
ಊರೊಳಗೆ, ನಿಧಾನದಲ್ಲಿ, ಒಂದರಿಂದ ಎರಡಕ್ಕೆ ಹೋಗುವಾಗ
ಹಟಮಾರಿ ಹೇಸರಗತ್ತೆಯ ಹಾಗೆ ಒದೆಯುತ್ತದೆ.
ನಿಲ್ಲಲು, ಹೊರಡಲು ಕ್ಲಚ್ಚೇ ಗತಿ.

ನನ್ನ ಲೆಕ್ಕದಲ್ಲಿ ಕ್ಲಚ್ ಎಂದರೆ ಒಂದು ಮರ್ಯಾದೆ:
ಎಂಜಿನ್ನಿಗೂ ಚಕ್ರಕ್ಕೂ ನಡುವೆ
"ಸ್ವಲ್ಪ ತಾಳಪ್ಪ" ಅನ್ನುವ ಮಾತು.

ಹೀಗಿರುವಾಗ ಮಾರ್ಚಿಯ ಒಂದು ಮಂಗಳವಾರ
ಇಯೋಲೆ ಬಂದಳು.
ನಲವತ್ತು ವರ್ಷ ಹಿಟ್ಟು ಲಟ್ಟಿಸಿದವಳು,
ಬೆರಳ ತುದಿಗೆ ಸುತ್ತಿ ಸುತ್ತಿ
ದಿನಕ್ಕೆ ಸಾವಿರ ತೋರ್ತೆಲ್ಲೀನಿ ಮಡಚಿದವಳು.
ಹೆಬ್ಬೆರಳ ಬುಡ ಊದಿ ನಿಂತಿದೆ, ಸವೆದ ಬೇರಿಂಗು.
ಬೈಕು ಕೊಂಡದ್ದು ಐವತ್ತೈದಕ್ಕೆ. ಯಾಕೆಂದು ಕೇಳಿದವರಿಗೆ
"ಅಂಗಡಿ ಬೆಳಿಗ್ಗೆ ಮಾತ್ರ" ಅನ್ನುತ್ತಾಳೆ.

ಕೌಂಟರಿನ ಮೇಲೆ ಎಡಗೈ ಇಟ್ಟಳು,
ರಿಪೇರಿಗೆ ತಂದ ಬಿಡಿಭಾಗದ ಹಾಗೆ.
"ಈ ಘಾಟಿಗೆ ಎಷ್ಟು ಗೇರು ಗೊತ್ತಾ?
ಎಣಿಸಿದ್ದೇನೆ. ಹತ್ತಿ ಬರಲು ಇನ್ನೂರ ಹನ್ನೆರಡು.
ನೂರ ನಲವತ್ತರ ತನಕ ಕೈ ನನ್ನದು,
ಆಮೇಲೆ ಯಾರದೋ."

ಮರ್ಯಾದೆಯ ಮಾತು ಬಾಯಿಗೆ ಬಂತು.
ನುಂಗಿಕೊಂಡೆ.

ಎರಡು ದಿನ ಹಿಡಿಯಿತು,
ಅವಳ ಬೂಟಿನ ಒತ್ತಡಕ್ಕೆ ಅದನ್ನು ಪಳಗಿಸಲು.
ಗೇರು ಇಳಿಸುವಾಗ ಎಂಜಿನ್ನು ತಾನೇ
ಗಂಟಲು ಸರಿಮಾಡಿಕೊಳ್ಳುವ ಹಾಗೂ ಮಾಡಿದೆ,
ಅದರ ಕೂಲಿ ಬಿಲ್ಲಿಗೆ ಹಾಕಲಿಲ್ಲ.

ಮೂರನೇ ದಿನ ಅವಳು ಹತ್ತಿ ಬರುವ ಸದ್ದಿಗೆ
ಸ್ಪ್ಯಾನರು ಕೆಳಗಿಟ್ಟು ನಿಂತೆ.
ಕಾಣದ ತಿರುವುಗಳಲ್ಲಿ ದನಿ ಏರಿತು, ಚಿಟ್ಟೆಂದಿತು, ಏರಿತು,
ಹರಿದ ಬಟ್ಟೆಗೆ ಟಾಂಕಿ ಹಾಕಿದಷ್ಟು ಬಿಗಿ.
ಕೊನೆಯ ತಿರುವಲ್ಲಿ ಮಾತ್ರ ಒಂದು ಬಿಡುವು,
ಹಳೆಯ ಕಾಲದ್ದು. ನನ್ನ ಕಿವಿ ನಿಮಿರಿತು.

"ಹನ್ನೊಂದು," ಅಂದಳು ಗ್ಲೌಸು ಬಿಚ್ಚುತ್ತ.
"ಹತ್ತು, ನಿಲ್ಲಲು ಹೊರಡಲು. ಕುರಿಮಂದೆ ಬೇರೆ ಇತ್ತು.
ಹನ್ನೊಂದನೆಯದು ಸುಮ್ಮನೆ ಹಿಡಿದೆ.
ಆಸೆಯಾಯಿತು."

ಈ ಭಾನುವಾರ ಲೋರಿಸ್ ಮತ್ತೆ ಶುರುಮಾಡಿದ.
ಕೈ ತೋರಿಸು ಅಂದೆ. ತೋರಿಸಿದ.
ಬಟರ್ ಪೇಪರಿನಷ್ಟು ನುಣುಪು.
ಏನೆಂದು ಕೇಳಿದ. ಏನಿಲ್ಲ, ಅಂದೆ,
ಕಾಫಿ ಆರುತ್ತಿದೆ, ಕುಡಿ.