ಹಿಮ್ಮಡಿ

ಮಾರ್ಚ್ ಮುಗಿಯುವ ಮೊದಲೇ ತುಂಗೆ
ಬಂಡೆಗಳನ್ನೆಲ್ಲ ಹೊರಗಿಟ್ಟು ಕೂತಿದ್ದಾಳೆ,
ಪಾತ್ರೆ ತೊಳೆದು ಬಿಸಿಲಿಗೆ ಬೋರಲು ಹಾಕಿದ ಹಾಗೆ.
ಗೋಪಾಳದ ಈ ಮಹಡಿ ಮನೆಯಲ್ಲಿ
ಹನ್ನೊಂದಕ್ಕೇ ಕಿಟಕಿಯ ಸರಳು ಮುಟ್ಟಲಾಗದು.
ನಾನು ಉಲ್ಲನ್ ಹಿಡಿದು ಕೂತಿದ್ದೇನೆ.

"ಈ ಧಗೆಯಲ್ಲಿ ಸ್ವೆಟರಾ?"
ಒಣಗಿದ ಬಟ್ಟೆ ತೆಗೆಯುತ್ತ ಶಾಹೀನಾ ಕೇಳುತ್ತಾಳೆ.
ಸ್ವೆಟರಲ್ಲ ಮಾರಾಯ್ತಿ.
ಸ್ವೆಟರು ಬೀರುವಿನ ಕೆಳಖಾನೆಯಲ್ಲಿದೆ, ಒಂದೇ ತೋಳಿನದು.
ಪಕ್ಕದಲ್ಲೇ ನಾದಿನಿಯ ಮಗುವಿಗೆಂದು ಶುರು ಮಾಡಿದ ಹಳದಿ ಟೊಪ್ಪಿ;
ಆ ಮಗುವಿಗೆ ಈಗ ಹದಿಮೂರರ ಮಗ್ಗಿ ಬರುತ್ತದೆ.
ಮಿಕ್ಸಿಗೊಂದು ಅಂಗಿ ಹೆಣೆದೆ, ಪೂರ್ತಿ ಮುಗಿಸಿದ್ದು ಅದೊಂದೇ.
ಮಿಕ್ಸಿ ಕೆಟ್ಟಿತು.

ಒಣಹವೆಗೆ ಬೆರಳ ತುದಿಯೆಲ್ಲ ಉಪ್ಪುಕಾಗದ.
ಎಳೆ ಬಂದು ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ.
ಕೊಬ್ಬರಿ ಎಣ್ಣೆ ಸವರಿದರೆ ದಾರ ಜಿಡ್ಡು,
ಸವರದಿದ್ದರೆ ದಾರಕ್ಕೂ ನನಗೂ ಜಗಳ.

ಮೊನ್ನೆ ಆ ಒಂಟಿ ತೋಳು ಬಿಚ್ಚಿದೆ.
ನಲ್ಲಿ ಬರುವುದು ದಿನ ಬಿಟ್ಟು ದಿನ;
ಡ್ರಮ್ಮು ತುಂಬಿ, ಕೊಡ ತುಂಬಿ, ಚೊಂಬೂ ತುಂಬಿದ ಮೇಲೆ
ಮಿಕ್ಕ ಅರ್ಧ ಬಕೆಟ್ಟಿನಲ್ಲಿ ಹಸಿರು ದಾರ ಅದ್ದಿದೆ,
ಹಿಂಡಿದ ನೀರು ಕರಿಬೇವಿನ ಕುಂಡಕ್ಕೆ.
ತಂತಿಗೆ ತೂಗಿ, ಸುಕ್ಕು ಬಿಡಲೆಂದು ತುದಿಗೊಂದು ಸ್ಪ್ಯಾನರ್ ಕಟ್ಟಿ,
ಕೆಳಗಿಳಿದು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ
ಗರಿಗರಿ ಒಣಗಿತ್ತು.
ಸುಕ್ಕು ಮಾತ್ರ ಹಾಗೇ ಇತ್ತು.
ಏಳು ವರ್ಷ ತೋಳಾಗಿದ್ದ ದಾರ,
ಎಲ್ಲೆಲ್ಲಿ ಬಾಗಬೇಕೆಂದು ಅದಕ್ಕಿನ್ನೂ ಬಾಯಿಪಾಠ.

ತಿಪ್ಪೇಶನದು ರಿಪ್ಪನ್‌ಪೇಟೆ ರೂಟಿನ ಬಸ್ಸು.
ಕಂಡಕ್ಟರ ಸೀಟಿದೆ, ಅದರ ಮೇಲೆ ಯಾರದೋ ಅಕ್ಕಿ ಮೂಟೆ ಇರುತ್ತದೆ.
ರಾತ್ರಿ ಚಾಪೆಯ ಮೇಲೆ ಚಿಲ್ಲರೆ ಸುರಿದು ಗಟ್ಟಿಯಾಗಿ ಎಣಿಸುತ್ತಾನೆ,
ನಾನು ಕುಣಿಕೆ ಎಣಿಸುತ್ತೇನೆ.
ನನ್ನ ಮೂವತ್ತೆಂಟರ ಮೇಲೆ ಅವನ ಹತ್ತರ ನೋಟು ಬಿದ್ದು
ನಲವತ್ತೆಂಟಾಗುತ್ತದೆ.
ಅವನ ಲೆಕ್ಕದೊಳಗೆ ನನ್ನದೊಂದು ಉಲ್ಟಾ ನುಸುಳಿ
ಮಾಲೀಕನಿಗೆ ಒಂದು ರೂಪಾಯಿ ಜಾಸ್ತಿ.

ಅವನ ಹಿಮ್ಮಡಿ ನೋಡಬೇಕು ನೀವು.
ಬಿರಿದ ಕೆರೆಯ ಹಾಗೆ ಎಂದುಬಿಡಬಹುದಿತ್ತು,
ಆದರೆ ಕೆರೆ ನಿದ್ದೆಯಲ್ಲಿ ಹೊರಳಿ ಬೆಡ್‌ಶೀಟು ಹರಿಯುವುದಿಲ್ಲ.

ಕಾಲುಚೀಲಕ್ಕೆ ಕಣಕಾಲು ಸುಲಭ, ಬೆರಳು ಸುಲಭ.
ಹಿಮ್ಮಡಿಯದೇ ಪೇಚು.
ನೆಟ್ಟಗೆ ಹೋಗುತ್ತಿದ್ದ ಸಾಲು ಅರ್ಧಕ್ಕೇ ನಿಂತು, ಹಿಂದಿರುಗಿ,
ಮತ್ತೆರಡು ಹೆಜ್ಜೆ ಹೋಗಿ, ಮತ್ತೆ ಹಿಂದಿರುಗಿ,
ಚಪ್ಪಟೆ ಬಟ್ಟೆಯಲ್ಲೊಂದು ಬಟ್ಟಲು ಹುಟ್ಟಬೇಕು.
ಮೂರು ಸಲ ಬಿಚ್ಚಿದೆ.
ನಾಲ್ಕನೆಯ ಸಲ ಕರೆಂಟು ಹೋಯಿತು,
ಕತ್ತಲಲ್ಲಿ ಬೆರಳು ನನ್ನನ್ನು ಕೇಳದೆ ತಿರುಗಿಸಿತು.

ಎರಡನೆಯ ಪಾದದ ಮಧ್ಯೆ ಹಸಿರು ಮುಗಿಯಿತು.
ಅಲ್ಲಿಂದ ಮುಂದೆ ಮಗುವಿನ ಟೊಪ್ಪಿ.

"ಏಪ್ರಿಲ್ ತಿಂಗಳಲ್ಲಿ ಉಲ್ಲನ್ ಹಾಕ್ಕೊಂಡು ಮಲಗೋದಾ,
ಅದೂ ಎರಡು ಬಣ್ಣದ್ದು?"
ಹರಳೆಣ್ಣೆ ತಿಕ್ಕಿ ಹಾಕಿಸಿದೆ. ಫ್ಯಾನು ಐದರಲ್ಲಿಟ್ಟು ಗೊಣಗುತ್ತ ಗೊರಕೆಗಿಳಿದ.

ನಸುಕಿಗೆ ನಲ್ಲಿ ಸುಸ್ಸೆಂದಿತು.
ಎದ್ದವನೇ ಓಡಿದ, ಕಾಲಲ್ಲಿ ಅವೇ,
ತೊಟ್ಟಿಯ ಹತ್ತಿರ ಎರಡೂ ನೆನೆದು ತೊಪ್ಪೆ.
ಬೈಯಲಿಲ್ಲ. ಹಿಂಡಿದ. ತಂತಿಗೆ ಹಾಕಿದ.
ಗಡ್ಡ ಕೆರೆದು, ತಿಂಡಿ ತಿಂದು, ಚೀಟಿಪುಸ್ತಕ ಹುಡುಕುವಷ್ಟರಲ್ಲಿ
ಬಿಸಿಲು ಅವನ್ನು ಅವನ ಕೈಗೆ ಕೊಟ್ಟಿತ್ತು.

ಆಯನೂರಿನಲ್ಲಿ ಯಾರೋ ಕೇಳಿದರಂತೆ,
ಚಪ್ಪಲಿಯ ಹಿಂದೆ ಹಸಿರು ಕಂಡು: "ಕಂಡಕ್ಟ್ರೇ, ಚಳಿಯಾ?"
"ಎಲ್ಲಿಗೆ, ಎಷ್ಟು ಜನ?" ಅಂದನಂತೆ.

ಇವತ್ತು ಶಾಹೀನಾ ಬಟ್ಟೆ ತೆಗೆದು ಮುಗಿದರೂ ಹೋಗಲಿಲ್ಲ,
ತಂತಿ ಹಿಡಿದು ನಿಂತಳು.
ಅವಳ ಗಂಡನದು ಒಂಬತ್ತು ನಂಬರಂತೆ.