ಸಿವುಡು

ಕೊನ್ಯಾ ಆಸ್ಪತ್ರೆಯ ನೆಲಮಾಳಿಗೆ. ಜುಲೈ.
ಗಾಜಿನ ಮೇಲೆ ಒಂದು ತೊಟ್ಟು ಮೂತ್ರ.
ಕಣ್ಣು ಕೂಡಿಸಿದರೆ
ಗೋಧಿ ಕೊಯ್ದು ಕಟ್ಟಿಟ್ಟ ಸಿವುಡು, ಸಿವುಡು,
ನಡು ಬಿಗಿದು, ಎರಡೂ ತುದಿ ಕೆದರಿ.

ಸಲ್ಫಾ ಹರಳು.
ನೀರು ಸಾಲದ ಮಾತ್ರೆ
ಕಿಡ್ನಿಯೊಳಗೇ ಸುಗ್ಗಿ ಮಾಡಿದೆ.

ದುರ್ಸುನ್, ಕೊಯ್ಲು ಯಂತ್ರದ ಚಾಲಕ.
ಮುಂಚಿನ ಮೂರು ಕೂಸು ಉಳಿಯದೆ
ಇದಾದರೂ ನಿಲ್ಲಲಿ ಎಂದು ತಾಯಿ ಇಟ್ಟ ಹೆಸರು.
ನಿಂತದ್ದು ಮೂತ್ರ, ಮೊನ್ನೆ ಸಂಜೆಯಿಂದ.
ಈ ತೊಟ್ಟೂ ನಳಿಗೆ ಹಾಕಿ ತೆಗೆದದ್ದು.

"ನೀರು ಕುಡಿ ಅಂದಿರಲಿಲ್ಲವೆ?"
"ರಂಜಾನ್ ಅಲ್ಲವೇ ತಂಗಿ.
ಕಾಯಿಲೆ ಕಣ್ಣಿಗೆ,
ಬಾಯಿ ಯಾಕೆ ಉಪವಾಸ ಮುರಿಯಬೇಕು?"

ನಾಲ್ಕು ವರ್ಷದಿಂದ ತುಂಬುತ್ತಿದ್ದೇನೆ ಈ ಸಂಶೋಧನೆಯ ಪಟ್ಟಿ:
ವಯಸ್ಸು, ಡೋಸು, ಕ್ರಿಯಾಟಿನಿನ್, ಮತ್ತೆ ಕ್ರಿಯಾಟಿನಿನ್.
ಬಾಯಾರಿಕೆಗೆ ಅದರಲ್ಲಿ ಜಾಗವಿರಲಿಲ್ಲ.
ಇವತ್ತು ಅಂಚಿನಲ್ಲಿ ಒಂದು ಗೆರೆ ಎಳೆದೆ,
ಸ್ಕೇಲಿಲ್ಲದೆ, ಸೊಟ್ಟಗೆ.
ಪ್ರೊಫೆಸರ್ ಏನನ್ನುತ್ತಾರೋ.

ಡ್ರಿಪ್ಪಿನಲ್ಲಿ ಸೋಡಾ ಇಳಿದು, ಮೂರನೆಯ ದಿನ
ಗಾಜಿನ ಮೇಲೆ ಬರೀ ಬಯಲು.

ಹೊರಡುವ ಮುನ್ನ ಮೊದಲ ಚಿತ್ರ ತೋರಿಸಿದೆ.
ಒಳ್ಳೆಯ ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದ.
"ಕಟ್ಟು ಸಡಿಲ," ಅಂದ.
"ಇದು ಯಾರದೋ ಕೈಗೊಯ್ಲು. ನನ್ನ ಯಂತ್ರದ್ದಲ್ಲ."