ನಲ್ವತ್ತೆರಡು ಕೋಲು

ಮನೆ ಹಿಂದಣ ಗುಡ್ಡಕ್ಕೆ ಬಟ್ಯಪ್ಪ ನಾಯ್ಕ
ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಸುತ್ತು ಬರಲಿಲ್ಲ.
ಹುತ್ತ ನೋಡಿದ, ಹುತ್ತದ ಪಕ್ಕದ ಧೂಪದ ಮರ,
ಮುರಕಲ್ಲಿನ ಬಣ್ಣ. ಬಾಯಲ್ಲಿ ವೀಳ್ಯ ಹಾಗೇ ಇತ್ತು.
"ಇರಬಹುದು ಟೀಚರೇ. ಇಲ್ಲದೆಯೂ ಇರಬಹುದು."
ಕೋಲಿಗಿಷ್ಟು ಎಂದು ಕೂಲಿ ಹೇಳಿದ,
ಚೌಕಾಸಿಗೆ ಬಗ್ಗಲಿಲ್ಲ.

ನನಗೆ ನೀರು ಬೇಕಿತ್ತು.
ಪೆರ್ಲದಿಂದ ಬರುವ ಟ್ಯಾಂಕರಿನ ಹಾರ್ನಿಗೆ
ಪಾಠದ ನಡುವೆಯೇ ಕೊಡ ಎಣಿಸುವವಳು ನಾನು.
ಭಜನಾಮಂದಿರದಲ್ಲಿ ಏಕಾದಶಿಗೆ ಮೈಕಿನ ಮುಂದೆ
ಕೆಲಸ ನಿನ್ನದು, ಫಲ ನಿನ್ನದಲ್ಲ ಎಂದು
ಅರ್ಥ ಹೇಳುವವಳೂ ನಾನೇ.

ಹತ್ತು ಕೋಲು. ಪಿಕ್ಕಾಸಿನ ಸದ್ದು ಅಂಗಳಕ್ಕೆ ಕೇಳುತ್ತಿತ್ತು.
ಇಪ್ಪತ್ತಕ್ಕೆ, ಆಚೆಮನೆಯಲ್ಲಿ ಯಾರೋ ಅವಲಕ್ಕಿ ಕುಟ್ಟಿದಷ್ಟು.
ಮೂವತ್ತಕ್ಕೆ ಸದ್ದೇ ಇಲ್ಲ;
ಅಳಿಯ ದೂಮ ಬುಟ್ಟಿ ಹೊತ್ತು ಹೊರಗೆ ಬಂದರೆ ಗೊತ್ತು
ಒಳಗೊಬ್ಬ ಇದ್ದಾನೆ ಎಂದು.

ಸಂಜೆ ಸಂಜೆ ನಾನು ಆ ಮಣ್ಣು ಮುಟ್ಟುವೆ.
ತಂಪಿದೆಯಾ? ಅಂಟುತ್ತದಾ?
ಮುಷ್ಟಿಯಲ್ಲಿ ಹಿಚುಕಿ, ಮೂಸಿ,
ರಾತ್ರಿ ಕನಸಿನಲ್ಲಿ ಪೈಪು ಜೋಡಿಸುವೆ.
ಅವನು ಒಂದು ಚೆಂಬು ನೀರಲ್ಲಿ ಕೈಕಾಲು ತೊಳೆದು
ಪಿಕ್ಕಾಸಿನ ಮೊನೆ ಹೆಬ್ಬೆರಳಲ್ಲಿ ತಡವಿ
ಮನೆಗೆ ಹೊರಡುವ.
ಒಮ್ಮೆ ಕೇಳಿಯೇ ಬಿಟ್ಟೆ: "ನಿಮಗೆ ಆಸೆಯೇ ಇಲ್ಲವಾ, ಬಟ್ಯಪ್ಪಣ್ಣ?"
"ಒಳಗೆ ಮೇಣದ ಬತ್ತಿ ಇದೆಯಲ್ಲ,
ಅದು ನಂದಿದರೆ ನಾವೂ ನಂದಿದ ಹಾಗೆ. ಅದನ್ನು ನೋಡಿಕೊಳ್ಳಬೇಕು.
ನೀರು ಗುಡ್ಡದ ವಿಷಯ."

ನಲ್ವತ್ತೆರಡಕ್ಕೆ ಕರಿಬಂಡೆ ಬಂತು.
ಒಣ ಬಂಡೆ.
ಮೂರು ಸಲ ಕುಟ್ಟಿ, ಕಿವಿಯಿಟ್ಟು,
"ಇಲ್ಲಿಗೆ ಸಾಕು" ಅಂದನಂತೆ.
ನಾನು ಅಳಲಿಲ್ಲ. ಟ್ಯಾಂಕರಿನವನಿಗೆ ಫೋನು ಮಾಡಿದೆ.

ಮರುದಿನ ಬೆಳಗ್ಗೆ ಮತ್ತೆ ಹಾಜರು.
ಕೂಲಿಗೆ ಅಂದುಕೊಂಡೆ. ಸೀದಾ ಒಳಗೆ ಹೋದ.
ಟಾರ್ಚು ಹಿಡಿದು ಬಗ್ಗಿಕೊಂಡು ನಾನೂ ಹಿಂದೆ.
ತುದಿಯಲ್ಲಿ ಕೂತು ಅಂಗೈಯಗಲದ ಚರಂಡಿ ಕೊರೆಯುತ್ತಿದ್ದ.
ಒಂದು ಗೋಲಿ ಉರುಳಿಸುವುದು,
ಎಲ್ಲಿ ನಿಂತಿತೋ ಅಲ್ಲಿ ಕೆರೆಯುವುದು,
ಮತ್ತೆ ಉರುಳಿಸುವುದು.
ಬಾರದ ನೀರಿಗೆ ಇಳಿಜಾರು.

"ಇದಕ್ಕೂ ಕೂಲಿ ಬೇರೆಯಾ?" ನನ್ನ ಬಾಯಿ ಜಾರಿತು.
"ಇದು ಕೋಲಿನೊಳಗೇ ಸೇರಿದ್ದು.
ಓಟವಿಲ್ಲದ್ದು ಸುರಂಗವಲ್ಲ ಟೀಚರೇ, ಬಿಲ."

ಮಧ್ಯಾಹ್ನದ ಹೊತ್ತಿಗೆ ಗೋಲಿ ಬೆಳಕಿಗೆ ಬಂತು,
ನನ್ನ ಚಪ್ಪಲಿಗೆ ತಾಗಿ ನಿಂತಿತು.

ಕೂಲಿ ಎಣಿಸಿದ. ಹತ್ತು ರೂಪಾಯಿ ಕಡಿಮೆಯಿತ್ತು;
ನಿಂತು, ಕೇಳಿ, ಪಡೆದು ಹೋದ.

ಆಮೇಲೊಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಹೇಳಿದೆ:
ಬಾಯಾರಿನ ಹತ್ತಿರ ಅವನು ಎಂದೋ ತೋಡಿದ್ದು
ಈಗ ಏಳು ಮನೆಗೆ ಕುಡಿಯಲು ಕೊಡುತ್ತದಂತೆ.
ಹೌದಾ ಎಂದು ತಲೆಯಾಡಿಸಿದ, ಅಷ್ಟೆ.
"ಮಾಡು ಕುಸಿದಿಲ್ಲವಲ್ಲ?" ಎಂದು ಮಾತ್ರ
ಎರಡು ಸಲ ಕೇಳಿದ.
ಅದೂ ಒಂದು ಅಂಟೇ ಅಲ್ಲವಾ, ಬಟ್ಯಪ್ಪಣ್ಣ?
ಕೇಳುವಷ್ಟರಲ್ಲಿ ಅವನ ಸ್ಟಾಪು ಬಂತು.

ಮಂದಿರದಲ್ಲಿ ಅರ್ಥ ಹೇಳುವಾಗ ಈಗೀಗ
ಆ ಸಾಲಿನಲ್ಲಿ ತಡವರಿಸುತ್ತೇನೆ.
ಸುರಂಗದಲ್ಲಿ ಬಾವಲಿಗಳಿವೆ.
ಶಾಲೆಯ ಕನ್ನಡ ಡಿವಿಜನ್ನಿಗೆ ಈ ವರ್ಷ ಒಂಬತ್ತು ಮಕ್ಕಳು,
ಬರುವ ವರ್ಷ ಎಷ್ಟೋ.
ಕಾಪಿ ಪುಸ್ತಕ ತಿದ್ದುವಾಗ
ಒತ್ತಕ್ಷರದ ಬಾಲ ಸರಿಯಿಲ್ಲದಲ್ಲಿ ಕೆಂಪು ಪೆನ್ನು ನಿಲ್ಲುತ್ತದೆ.
ಕೆರೆಯುತ್ತೇನೆ. ಇನ್ನೊಮ್ಮೆ ಬರೆಸುತ್ತೇನೆ.

ಅಷ್ಟರಲ್ಲಿ ಹಾರ್ನು.
ಕೊಡ ಹಿಡಿದು ಓಡುತ್ತೇನೆ.